ಗೋಲಿನ ಹಿಂದಿನ ಎಡಗಾಲು

1998ರ ವಿಶ್ವಕಪ್‌ನಲ್ಲಿ ಡೆನಿಸ್ ಬರ್ಗ್‌ಕಾಂಪ್ ಅರ್ಜೆಂಟೀನಾ ವಿರುದ್ಧ ಹೊಡೆದ ಗೋಲನ್ನು ನೋಡದ ಫುಟ್‌ಬಾಲ್ ಪ್ರೇಮಿ ಸಿಗುವುದು ಕಷ್ಟ. ಡಚ್ ರೇಡಿಯೊದಲ್ಲಿ ವಿವರಣೆ ಕೊಡುತ್ತಿದ್ದ ಜಾಕ್ ವಾನ್ ಗೆಲ್ಡರ್ ಆ ಹೊತ್ತಿಗೆ ವಾಕ್ಯ ಕಟ್ಟುವ ಉಸಾಬರಿಯನ್ನೇ ಬಿಟ್ಟು, ಬರ್ಗ್‌ಕಾಂಪ್‌ನ ಹೆಸರನ್ನಷ್ಟೇ ಮೇಲಿಂದ ಮೇಲೆ ಕೂಗುತ್ತ ಹೋದ. ಕೂಗಲಿ, ತಪ್ಪಿಲ್ಲ. ಆದರೆ ಆ ದೃಶ್ಯದ ತುಣುಕುಗಳನ್ನು ಕತ್ತರಿಸುವವರ ಮೇಲೆ ನನಗೊಂದು ಸಣ್ಣ ಮುನಿಸಿದೆ. ಎಷ್ಟೋ ತುಣುಕುಗಳು ಚೆಂಡು ಆಗಲೇ ಗಾಳಿಯಲ್ಲಿರುವಾಗ ಶುರುವಾಗುತ್ತವೆ. ಅದನ್ನು ಗಾಳಿಗೆ ಏರಿಸಿದವನು, ನಾಲ್ಕನೇ ಸಂಖ್ಯೆಯ ಅಂಗಿ ತೊಟ್ಟ ನಾಯಕ ಫ್ರಾಂಕ್ ಡಿ ಬೋರ್, ಅಲ್ಲಿ ಕಾಣುವುದೇ ಇಲ್ಲ.

ಜುಲೈ 4, ಮಾರ್ಸೇಲ್‌ನ ವೆಲೊಡ್ರೋಮ್ ಕ್ರೀಡಾಂಗಣ, ಕ್ವಾರ್ಟರ್‌ಫೈನಲ್. ನೆದರ್ಲೆಂಡ್ಸ್‌ನ ಕ್ಲೈವರ್ಟ್ 12ನೇ ನಿಮಿಷದಲ್ಲಿ ಹೊಡೆದದ್ದಕ್ಕೆ ಅರ್ಜೆಂಟೀನಾದ ಕ್ಲಾಡಿಯೊ ಲೋಪೆಜ್ ಐದಾರು ನಿಮಿಷದೊಳಗೇ ಉತ್ತರ ಕೊಟ್ಟಿದ್ದ. ಅಲ್ಲಿಂದ ಮುಂದೆ ಒಂದು ಗಂಟೆಗೂ ಮೀರಿ 1-1. ನೆದರ್ಲೆಂಡ್ಸ್‌ನ ಆರ್ಥರ್ ನ್ಯೂಮನ್ ರೆಡ್ ಕಾರ್ಡ್ ಕಂಡು ಹೊರನಡೆದ. 87ನೇ ನಿಮಿಷದಲ್ಲಿ ಅರ್ಜೆಂಟೀನಾದ ಒರ್ಟೇಗ, ಗೋಲ್‌ಕೀಪರ್ ವಾನ್ ಡರ್ ಸಾರ್‌ಗೆ ತಲೆಯಿಂದ ಗುದ್ದಿ ತಾನೂ ಹೊರಬಿದ್ದ. ಎರಡೂ ಕಡೆ ಹತ್ತು ಹತ್ತು ಜನ, ದಣಿದ ಕಾಲುಗಳು. ಹೆಚ್ಚುವರಿ ಅವಧಿಯಲ್ಲಿ ಮೊದಲು ಗೋಲು ಹೊಡೆದವರೇ ಗೆದ್ದರು ಎನ್ನುವ ‘ಗೋಲ್ಡನ್ ಗೋಲ್’ ನಿಯಮ ಆಗ ಜಾರಿಯಲ್ಲಿತ್ತು. ಎಲ್ಲರ ಮನಸ್ಸೂ ಅತ್ತಲೇ ಹೊರಳಿದ್ದ ಸಮಯ. ಇಂಥ ಹೊತ್ತಲ್ಲಿ ಡಿಫೆಂಡರ್ ಆದವನು ಪಕ್ಕದವನಿಗೆ ಚೆಂಡು ಕೊಟ್ಟು, ವಾಪಸ್ ಪಡೆದು, ರೆಫರಿಯ ಸೀಟಿಗೆ ಕಾಯುತ್ತಾನೆ. ಅದು ಹೇಡಿತನವೇನಲ್ಲ, ಜಾಣತನವೇ.

ಡಿ ಬೋರ್ ಕಾಯಲಿಲ್ಲ. ತಮ್ಮದೇ ಅರ್ಧದ ಎಡಭಾಗದಲ್ಲಿ ಚೆಂಡು ಇಟ್ಟುಕೊಂಡು ತಲೆ ಎತ್ತಿದ. ದೂರದ ಬಲಬದಿಯಲ್ಲಿ ಬರ್ಗ್‌ಕಾಂಪ್ ಓಟ ಕಿತ್ತ. ಇಬ್ಬರ ಕಣ್ಣೂ ಆಗ ಕೂಡಿದ್ದವೆಂದು ಬರ್ಗ್‌ಕಾಂಪ್ ಆಮೇಲೆ ಹೇಳಿಕೊಂಡಿದ್ದಾನೆ. ಮರುಕ್ಷಣ ಎಡಗಾಲು ಬೀಸಿತು. ಚೆಂಡು ಅಂಗಳವನ್ನು ಓರೆಯಾಗಿ ಸೀಳುತ್ತ ಸುಮಾರು 60 ಗಜ ಹಾರಿತು. ಇದನ್ನು ನಿಧಾನವಾಗಿ ನೋಡಬೇಕು. ಇನ್ನಷ್ಟು ಎತ್ತರಕ್ಕೆ ಏರಿದ್ದರೆ ಅದು ಕೆಳಗಿಳಿಯುವಷ್ಟರಲ್ಲಿ ಅರ್ಜೆಂಟೀನಾದ ಡಿಫೆಂಡರ್ ಅಯಾಲ ಬಂದು ತಲೆಯೊಡ್ಡಿ ನಿಲ್ಲುತ್ತಿದ್ದ. ಇನ್ನಷ್ಟು ತಗ್ಗಿನಲ್ಲಿ ಹೋಗಿದ್ದರೆ ನಡುವೆಯೇ ಯಾರಾದರೂ ತಡೆಯುತ್ತಿದ್ದರು. ಎರಡು ಗಜ ಹೆಚ್ಚಾದರೆ ಗೆರೆಯಾಚೆ, ಎರಡು ಗಜ ಕಡಿಮೆಯಾದರೆ ಬರ್ಗ್‌ಕಾಂಪ್‌ನ ಬೆನ್ನ ಹಿಂದೆ. ಅದು ಬಂದದ್ದು ಓಡುತ್ತಿದ್ದವನ ಭುಜದ ಮೇಲಿಂದ, ಅವನು ಓಟ ಮುರಿಯದೆ ಕಾಲು ಚಾಚಿದರಷ್ಟೇ ಸಿಗುವ ಎತ್ತರಕ್ಕೆ. ಚೆಂಡು ಇನ್ನೂ ಸುಲಭವಾಗಿ ಸಿಗುವಂತಿರಬೇಕಿತ್ತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬರ್ಗ್‌ಕಾಂಪ್‌ಗೆ ಸುಲಭವಾಗಿ ಸಿಗುವ ಚೆಂಡು ಅಯಾಲನಿಗೂ ಸುಲಭವಾಗಿಯೇ ಸಿಗುತ್ತಿತ್ತು. ಬರ್ಗ್‌ಕಾಂಪ್‌ನೊಬ್ಬನಿಗೇ ಸಾಧ್ಯವಾಗುವಷ್ಟು ಕಷ್ಟ ಅದರಲ್ಲಿತ್ತು, ಅದೇ ಅದರ ಹೆಚ್ಚುಗಾರಿಕೆ.

ಮಿಕ್ಕದ್ದು ಜಗತ್ತಿಗೇ ಗೊತ್ತು. ಬಲಗಾಲಿನ ಮೊದಲ ಸ್ಪರ್ಶಕ್ಕೆ ಚೆಂಡು ಸತ್ತಂತೆ ಕೆಳಗಿಳಿಯಿತು, ಎರಡನೆಯದಕ್ಕೆ ಅಯಾಲನ ಕಾಲುಗಳ ನಡುವೆ ನುಸುಳಿತು, ಮೂರನೆಯದಕ್ಕೆ ಪಾದದ ಹೊರಮಗ್ಗುಲಿನಿಂದ ಹೊರಟು ಗೋಲ್‌ಕೀಪರ್ ರೋವಾನನ್ನು ದಾಟಿ ಬಲೆಗೆ ಬಿತ್ತು.

ಡಿ ಬೋರ್ ಹುಟ್ಟಿದ್ದು 1970ರಲ್ಲಿ, ಹೋರ್ನ್ ಎಂಬ ಹಳೆಯ ಬಂದರಿನ ಊರಿನಲ್ಲಿ. ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್‌ಗೆ ಹೆಸರು ಹೋದದ್ದು ಇದೇ ಊರಿನಿಂದ. ಅವಳಿ ಸಹೋದರ ರೊನಾಲ್ಡ್ ಕೂಡ ಅದೇ ವಿಶ್ವಕಪ್ ತಂಡದಲ್ಲಿದ್ದ. ಇಬ್ಬರನ್ನೂ ಬೆಳೆಸಿದ್ದು ಆಮ್‌ಸ್ಟರ್‌ಡಾಮಿನ ಅಯಾಕ್ಸ್ ಕ್ಲಬ್. 1988ರಲ್ಲಿ ಫ್ರಾಂಕ್ ಅಲ್ಲಿ ಆಡತೊಡಗಿದಾಗ ಬರ್ಗ್‌ಕಾಂಪ್ ಆಗಲೇ ತಂಡದಲ್ಲಿದ್ದ. 1993ರಲ್ಲಿ ಬರ್ಗ್‌ಕಾಂಪ್ ಇಟಲಿಗೆ ಹೊರಡುವವರೆಗೂ ಇಬ್ಬರದೂ ಒಂದೇ ಅಂಗಳ. ಮಾರ್ಸೇಲ್‌ನಲ್ಲಿ ಕೂಡಿದ ಕಣ್ಣಿಗೆ ಇಷ್ಟು ವರ್ಷಗಳ ಸಲಿಗೆಯಿತ್ತು.

ಎಡಪಾರ್ಶ್ವದ ಬ್ಯಾಕ್ ಆಗಿದ್ದ ಡಿ ಬೋರ್‌ನನ್ನು ರಕ್ಷಣೆಯ ನಡುವಿನತ್ತ ಸರಿಸಿ ನಿಲ್ಲಿಸಿದ್ದು ಅಯಾಕ್ಸ್‌ನ ಆಟದ ರೀತಿ. ಕೋಚ್ ಲೂಯಿ ವಾನ್ ಗಾಲ್‌ನ ತಂಡದಲ್ಲಿ ಹಿಂದೆ ಮೂವರೇ: ಬಲಕ್ಕೆ ರೈಜಿಗರ್, ನಡುವೆ ಡ್ಯಾನಿ ಬ್ಲಿಂಡ್, ಎಡಕ್ಕೆ ಡಿ ಬೋರ್. ದಾಳಿ ಇವರಿಂದಲೇ ಹೊರಡಬೇಕು. ಎಡಗಾಲಿನ ಬೆಲೆ ತಿಳಿಯುವುದು ಇಲ್ಲಿ. ಅದೇ ಜಾಗದಲ್ಲಿ ಬಲಗಾಲಿನವನು ನಿಂತರೆ ದೂರದ ಪಾಸ್ ಕೊಡಲು ಮೈಯನ್ನು ಒಳಕ್ಕೆ ತಿರುಗಿಸಿಕೊಳ್ಳಬೇಕು, ಅಷ್ಟರಲ್ಲಿ ಎದುರಾಳಿ ಮೈಮೇಲೆ ಬಂದಿರುತ್ತಾನೆ. ಎಡಗಾಲಿನವನಿಗೆ ಇಡೀ ಅಂಗಳ ತೆರೆದುಕೊಂಡಿರುತ್ತದೆ. ಮೇಲಾಗಿ ಪಾದದ ಒಳಮಗ್ಗುಲಿನಿಂದ ಹೊಡೆದ ಚೆಂಡು ತಾನಾಗಿಯೇ ಬಲಕ್ಕೆ ಬಾಗುತ್ತದೆ. ಯಕ್ಷಗಾನದಲ್ಲಿ ವೇಷಧಾರಿಗಳ ಹಿಂದೆ ಕೂತ ಭಾಗವತನಿಗೆ ಇಡೀ ರಂಗ ಕಾಣುವಂತೆ ಹಿಂದಿನವನಿಗೇ ಆಟವೆಲ್ಲ ಕಾಣುವುದು. ಯಾರು ಯಾವಾಗ ಕುಣಿಯಬೇಕೆಂದು ಎತ್ತಿಕೊಡುವವನೂ ಅವನೇ. 1995ರ ಮೇ 24ರಂದು ವಿಯೆನ್ನಾದಲ್ಲಿ ಮಿಲಾನ್ ತಂಡವನ್ನು 1-0ಯಿಂದ ಸೋಲಿಸಿ ಯುರೋಪಿನ ಚಾಂಪಿಯನ್ ಆದ ಆ ಅಯಾಕ್ಸ್, ಆ ಸಾಲಿನ ಲೀಗ್‌ನಲ್ಲೂ ಒಂದೇ ಒಂದು ಪಂದ್ಯ ಸೋಲಲಿಲ್ಲ.

ಡಿ ಬೋರ್‌ನನ್ನು ಮೆಚ್ಚುವವರು 2000ದ ಜೂನ್ 29ನ್ನು ದಾಟಿ ಹೋಗುವಂತಿಲ್ಲ. ಯುರೋ ಸೆಮಿಫೈನಲ್, ಅದೂ ಅಯಾಕ್ಸ್‌ನ ತವರು ಅಂಗಳದಲ್ಲೇ. ಎದುರು ಇಟಲಿ; ಅರ್ಧ ಗಂಟೆ ಕಳೆದ ಸ್ವಲ್ಪದರಲ್ಲೇ ಜಂಬ್ರೋಟಾ ಹೊರಬಿದ್ದು ಹತ್ತೇ ಜನ ಉಳಿದಿದ್ದರು. ಸಿಕ್ಕ ಪೆನಾಲ್ಟಿಯನ್ನು ಡಿ ಬೋರ್ ಹೊಡೆದ, ಗೋಲ್‌ಕೀಪರ್ ಟೋಲ್ಡೊ ತಡೆದ. ಇನ್ನೊಂದು ಪೆನಾಲ್ಟಿಯನ್ನು ಕ್ಲೈವರ್ಟ್ ಕಂಬಕ್ಕೆ ಬಡಿದ. ಗೋಲೇ ಇಲ್ಲದೆ ಶೂಟೌಟ್‌ಗೆ ಹೋದಾಗ ಡಚ್ಚರ ಕಡೆಯಿಂದ ಮೊದಲು ಬಂದವನು ಮತ್ತೆ ಡಿ ಬೋರ್. ಮತ್ತೆ ಟೋಲ್ಡೊ. ಇಟಲಿ 3-1ರಿಂದ ಗೆದ್ದಿತು.

ಅದೇ ಎಡಗಾಲು ತಾನೇ, ಏನಾಯಿತು? ನನ್ನದೊಂದು ಊಹೆಯಿದೆ. ಪೆನಾಲ್ಟಿಯಲ್ಲಿ ಚೆಂಡನ್ನು ಕೊಡಲು ಯಾರೂ ಇರುವುದಿಲ್ಲ. ಓಡುವವನೊಬ್ಬ ಇದ್ದಾಗಲೇ ಆ ಕಾಲಿಗೆ ಜೀವ ಬರುತ್ತಿತ್ತೇನೋ. ಹೇಳಿದ ಮೇಲೆ ಇದಕ್ಕೆ ನಾನೇ ಒಂದು ತೂತು ತೋರಿಸಬೇಕು. ಅರ್ಜೆಂಟೀನಾವನ್ನು ಮಣಿಸಿದ ಮೂರೇ ದಿನಕ್ಕೆ, ಅದೇ ಮಾರ್ಸೇಲ್‌ನಲ್ಲಿ, ಬ್ರೆಜಿಲ್ ವಿರುದ್ಧದ ಶೂಟೌಟ್‌ನಲ್ಲಿ ಡಿ ಬೋರ್ ತನ್ನ ಪೆನಾಲ್ಟಿಯನ್ನು ಗೋಲಾಗಿಸಿದ್ದ. ಅಂದು ತಪ್ಪಿದ ಇಬ್ಬರಲ್ಲಿ ಒಬ್ಬ ರೊನಾಲ್ಡ್. ಊಹೆ ಅಲ್ಲಿಗೇ ಇರಲಿ.

ಬಾರ್ಸಿಲೋನಾ, ಗಲಾಟಾಸರೈ, ರೇಂಜರ್ಸ್, ಕೊನೆಗೆ ಕತಾರ್. ಮೂವತ್ತು ದಾಟಿದ ಆಟಗಾರರು ಹಿಡಿಯುವ ದಾರಿಯನ್ನೇ ಇವನೂ ಹಿಡಿದ. ದೇಶಕ್ಕಾಗಿ ಆಡಿದ ಪಂದ್ಯಗಳು 112. ಆ ಕಾಲಕ್ಕೆ ಡಚ್ ದಾಖಲೆ. 2006ರಲ್ಲಿ ಆಟ ನಿಲ್ಲಿಸಿ, 2010ರ ಕೊನೆಗೆ ಅಯಾಕ್ಸ್‌ಗೇ ಕೋಚ್ ಆಗಿ ಬಂದು, ಸತತ ನಾಲ್ಕು ಸಲ ಲೀಗ್ ಗೆಲ್ಲಿಸಿದ. ಆ ತಂಡದಲ್ಲಿ ಎಡಗಾಲಿನ ಡಿಫೆಂಡರ್ ಹುಡುಗನೊಬ್ಬನಿದ್ದ, ಡೇಲಿ ಬ್ಲಿಂಡ್. ಹಳೆಯ ಜೊತೆಗಾರ ಡ್ಯಾನಿ ಬ್ಲಿಂಡ್‌ನ ಮಗ.

2014ರ ಜೂನ್ 13, ಬ್ರೆಜಿಲ್‌ನ ಸಾಲ್ವಡಾರ್. ಹಿಂದಿನ ವಿಶ್ವಕಪ್ ಗೆದ್ದಿದ್ದ ಸ್ಪೇನ್ ಈ ವಿಶ್ವಕಪ್‌ನಲ್ಲಿ ನೆದರ್ಲೆಂಡ್ಸ್ ವಿರುದ್ಧ ಒಂದು ಗೋಲಿನಿಂದ ಮುಂದಿದೆ. ಮೊದಲರ್ಧ ಮುಗಿಯುತ್ತ ಬಂದಾಗ ಎಡಬದಿಯಲ್ಲಿ ಡೇಲಿ ತಲೆ ಎತ್ತಿ ನೋಡಿ ಓರೆಯಾಗಿ ದೂರಕ್ಕೆ ಹೊಡೆದ. ವಾನ್ ಪರ್ಸಿ ಗಾಳಿಯಲ್ಲಿ ಮೈಚೆಲ್ಲಿ, ತಲೆ ತಾಗಿಸಿ, ಗೋಲ್‌ಕೀಪರ್ ಕ್ಯಾಸಿಯಸ್‌ನ ನೆತ್ತಿಯ ಮೇಲಿಂದ ಚೆಂಡನ್ನು ಬಲೆಗೆ ದಾಟಿಸಿದ. ಭಿತ್ತಿಚಿತ್ರಗಳಲ್ಲಿ ಇವತ್ತಿಗೂ ಹಾರುತ್ತಿರುವವನು ವಾನ್ ಪರ್ಸಿಯೇ. ಆದರೆ ವಿರಾಮದ ನಂತರ ಡೇಲಿ ಇನ್ನೊಂದು ಚೆಂಡು ಕಳಿಸಿದ್ದು ಅಷ್ಟಾಗಿ ಯಾರ ನೆನಪಿನಲ್ಲೂ ಉಳಿದಿಲ್ಲ. ರಾಬೆನ್ ಅದನ್ನು ಗಾಳಿಯಿಂದ ಎಡಗಾಲಿಗೆ ಇಳಿಸಿಕೊಂಡು, ಪೀಕೆಯನ್ನು ತಪ್ಪಿಸಿ 2-1 ಮಾಡಿದ. ಪಂದ್ಯ ಮುಗಿದದ್ದು 5-1ಕ್ಕೆ. ಎರಡು ಪಾಸ್‌ಗಳಲ್ಲಿ ಒಂದನ್ನು ಆರಿಸು ಎಂದರೆ ನಾನು ಈ ಎರಡನೆಯದನ್ನೇ ಆರಿಸಿಕೊಳ್ಳುತ್ತೇನೆ. ವಾನ್ ಪರ್ಸಿಯ ಮುಂದೆ ಖಾಲಿ ಜಾಗವಿತ್ತು, ರಾಬೆನ್‌ನ ಸುತ್ತ ಸ್ಪೇನಿನ ಡಿಫೆಂಡರುಗಳಿದ್ದರು.