ಶೆಟ್ಟಿಹಳ್ಳಿಯ ಭಗ್ನ ಚರ್ಚು: ಛಾಯಾಚಿತ್ರಗಳ ಸಾಕ್ಷ್ಯವನ್ನು ಕುರಿತು

ಛಾಯಾಚಿತ್ರವು ಸುಳ್ಳಾಡದೆಂಬ ನಂಬಿಕೆ ನಮ್ಮ ವಿದ್ಯಾರ್ಥಿಗಳಲ್ಲಿ ಬಲವಾಗಿದೆ. ಶಾಸನದ ಪಾಠವನ್ನು ಶಂಕಿಸುವವರೂ, ಬಖೈರುಗಳನ್ನು ಒರೆಗೆ ಹಚ್ಚುವವರೂ ಛಾಯಾಚಿತ್ರವನ್ನು ಕಂಡೊಡನೆ ವಿಮರ್ಶೆಯನ್ನು ಬದಿಗಿರಿಸುತ್ತಾರೆ. ಆದರೆ ಚಿತ್ರವೂ ಒಂದು ಆಕರವೇ ಆದುದರಿಂದ ಅದನ್ನೂ ಪರೀಕ್ಷಿಸಿಯೇ ಸ್ವೀಕರಿಸಬೇಕು. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ಭಗ್ನ ಚರ್ಚಿನ ಚಿತ್ರಗಳು ಇದಕ್ಕೆ ಒಳ್ಳೆಯ ನಿದರ್ಶನ.

ಹೇಮಾವತಿಯ ದಂಡೆಯ ಈ ರೋಸರಿ ಚರ್ಚನ್ನು ೧೮೬೦ರ ಸುಮಾರಿಗೆ ಫ್ರೆಂಚ್ ಮಿಷನರಿಗಳು ಗಾಥಿಕ್ ಶೈಲಿಯಲ್ಲಿ ಕಟ್ಟಿಸಿದರು. ಗೊರೂರಿನ ಅಣೆಕಟ್ಟು ೧೯೭೯ರಲ್ಲಿ ಪೂರ್ಣಗೊಂಡಿತು. ಹಿನ್ನೀರು ತಗ್ಗಿನ ನೆಲವನ್ನು ಆವರಿಸಿತು, ಊರಿನವರು ಬೇರೆಡೆಗೆ ಹೋಗಿ ನೆಲೆಸಬೇಕಾಯಿತು, ಚರ್ಚು ಅನಾಥವಾಯಿತು. ಅಂದಿನಿಂದ ಜಲಾಶಯ ತುಂಬಿದ ಮಳೆಗಾಲಗಳಲ್ಲಿ ಅದು ನೀರಿನಲ್ಲಿ ನಿಲ್ಲುತ್ತದೆ. ಬೇಸಗೆಯಲ್ಲಿ ನೀರಿಳಿದಾಗ ಒಳಗೆ ನಡೆದು ಹೋಗಬಹುದು.

ಇದರ ಚಿತ್ರಗಳು ಅಸಂಖ್ಯ. ಆದರೂ ಅವುಗಳನ್ನು ಹೆಚ್ಚುಕಡಮೆ ಎರಡೇ ಬಗೆಯಾಗಿ ವಿಂಗಡಿಸಬಹುದು. ಮಳೆಗಾಲದ ಚಿತ್ರದಲ್ಲಿ ಕಟ್ಟಡದ ಮೇಲ್ಭಾಗ ನೀರಿನಿಂದ ಎದ್ದು ನಿಂತಿರುತ್ತದೆ, ಕೆಳಗೆ ಅದರ ಪ್ರತಿಬಿಂಬವಿರುತ್ತದೆ. ಬೇಸಗೆಯ ಚಿತ್ರದಲ್ಲಿ ಚೂಪುಕಮಾನುಗಳ ಸಾಲು, ಚಾವಣಿಯಿಲ್ಲದ ಗೋಡೆಗಳು, ಅವುಗಳ ನಡುವೆ ಆಕಾಶ. ಎರಡೂ ನೋಡಲು ಸೊಗಸಾಗಿವೆ. ಈ ಸೊಗಸನ್ನು ನಾವು ಹಳಿಯುವುದಿಲ್ಲ. ಇಂಥ ಚಿತ್ರಗಳಿಂದಲೇ ಹೊರಗಿನ ಅನೇಕರಿಗೆ ಶೆಟ್ಟಿಹಳ್ಳಿಯ ಹೆಸರು ತಿಳಿದಿದೆ. ಆಕರಗಳೆಂದು ಪರಿಗಣಿಸಿದಾಗ ಮಾತ್ರ ಇವುಗಳಲ್ಲಿ ಮೂರು ಕೊರತೆಗಳು ಕಾಣಬರುತ್ತವೆ.

ಮೊದಲನೆಯದಾಗಿ, ಅವು ಕಾರಣವನ್ನು ಮರೆಮಾಡುತ್ತವೆ. ನೋಡುವವರು ಇದನ್ನು ಕಾಲನ ಹೊಡೆತಕ್ಕೆ ತಾನಾಗಿ ಕುಸಿದ ಪ್ರಾಚೀನ ಕಟ್ಟಡವೆಂದು ಭಾವಿಸುತ್ತಾರೆ. ವಾಸ್ತವವಾಗಿ ಇದನ್ನು ತೊರೆಯುವಂತೆ ಮಾಡಿದ್ದು ನೀರಾವರಿ ಯೋಜನೆ. ಗೋಡೆಗಳು ನೀರು ಹೀರಿ ಮತ್ತೆ ಒಣಗುವುದು ಆವರ್ತಿಸಿದಷ್ಟೂ ಗಾರೆ ಸಡಿಲುತ್ತದೆ. ಚಿತ್ರಕ್ಕೆ ಶೋಭೆ ತಂದ ನೀರೇ ಕಟ್ಟಡವನ್ನು ಕೆಡಹುತ್ತಿದೆ. ಎರಡನೆಯದಾಗಿ, ತೆಗೆದ ದಿನ, ನಿಂತ ದಿಕ್ಕು, ನೀರಿನ ಮಟ್ಟ ಇವಾವುವೂ ಸಾಮಾನ್ಯವಾಗಿ ಚಿತ್ರದೊಡನೆ ನಮೂದಾಗಿರುವುದಿಲ್ಲ. ಹೀಗಾಗಿ ಒಂದು ಕಮಾನು ಯಾವ ವರ್ಷ ಬಿರುಕು ಬಿಟ್ಟಿತೆಂಬುದನ್ನು ನೂರು ಚಿತ್ರಗಳಿಂದಲೂ ನಿರ್ಣಯಿಸಲಾಗದು. ಮೂರನೆಯದಾಗಿ, ಅವುಗಳಲ್ಲಿ ಊರಿಲ್ಲ. ಇಲ್ಲಿ ನಾಮಕರಣ, ಮದುವೆ, ಶವಸಂಸ್ಕಾರಗಳನ್ನು ನಡೆಸಿದ ಜನ ಎಲ್ಲಿಗೆ ಹೋದರೆಂಬ ಪ್ರಶ್ನೆಯೇ ನೋಡುವವರಲ್ಲಿ ಏಳುವುದಿಲ್ಲ.

ಹಳೆಯ ಗೋವೆಯ ಸಂತ ಅಗಸ್ಟೀನರ ಚರ್ಚನ್ನು ಇದರೊಡನೆ ಹೋಲಿಸಬಹುದು. ೧೬೦೨ರಲ್ಲಿ ಪೂರ್ಣಗೊಂಡ ಆ ಕಟ್ಟಡವನ್ನು, ಪೋರ್ಚುಗೀಸ್ ಸರಕಾರವು ಧಾರ್ಮಿಕ ಸಂಘಗಳನ್ನು ಹೊರದೂಡಿದಾಗ, ೧೮೩೫ರಲ್ಲಿ ತೊರೆಯಲಾಯಿತು. ೧೮೪೨ರಲ್ಲಿ ಅದರ ಮೇಲ್ಕಮಾನು ಕುಸಿಯಿತು. ೧೯೩೧ರಲ್ಲಿ ಮುಂಭಾಗವೂ ಗೋಪುರದ ಅರ್ಧವೂ ಉರುಳಿದವು. ವರ್ಷಗಳು ತಿಳಿದಿರುವುದರಿಂದ ಅಲ್ಲಿನ ಅವಶೇಷಕ್ಕೊಂದು ಚರಿತ್ರೆಯುಂಟು. ಶೆಟ್ಟಿಹಳ್ಳಿಗೆ ಚಿತ್ರಗಳ ರಾಶಿಯಿದ್ದರೂ ಅಂಥ ಕಾಲಾನುಕ್ರಮವನ್ನು ಅದರಿಂದ ರಚಿಸಲು ಬರುವುದಿಲ್ಲ.

ಛಾಯಾಗ್ರಹಣದಿಂದ ಇದಕ್ಕಿಂತ ಹೆಚ್ಚಿನ ಪ್ರಯೋಜನ ಸಾಧ್ಯವೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಪ್ರಮಾಣವಿದೆ. ಮದ್ರಾಸ್ ಸೈನ್ಯದ ಅಧಿಕಾರಿ ಅಲೆಗ್ಸಾಂಡರ್ ಗ್ರೀನ್‌ಲಾ ೧೮೫೬ರಲ್ಲಿ ಹಂಪೆಯ ಕಟ್ಟಡಗಳನ್ನು ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದನು. ೧೯೮೦ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಅವೇ ಸ್ಥಾನಗಳಲ್ಲಿ ನಿಂತು ಮತ್ತೆ ಚಿತ್ರಗಳನ್ನು ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ನೂರಿಪ್ಪತ್ತಕ್ಕೂ ಮೀರಿದ ವರ್ಷಗಳಲ್ಲಿ ಬಿದ್ದುದಾವುದು, ಉಳಿದುದಾವುದು, ಹೊಸದಾಗಿ ಕಟ್ಟಿದುದಾವುದು ಎಂಬುದು ಸ್ಪಷ್ಟವಾಗುತ್ತದೆ. ಅಲ್ಲಿ ಕ್ಯಾಮರಾ ಚರಿತ್ರಕಾರನ ಉಪಕರಣವಾಯಿತು.

ಹಾಸನದ ಸುತ್ತಲಿನ ಕಾಲೇಜುಗಳು ಇದೇ ಕ್ರಮವನ್ನು ಅನುಸರಿಸಬಹುದು. ಪ್ರತಿ ಬೇಸಗೆ, ಗೊತ್ತುಪಡಿಸಿದ ಸ್ಥಾನಗಳಿಂದ, ನಾಲ್ಕು ದಿಕ್ಕುಗಳಿಂದಲೂ, ಗೋಡೆಯ ಪಕ್ಕದಲ್ಲಿ ಅಳತೆಗೋಲನ್ನಿಟ್ಟು ಚಿತ್ರ ತೆಗೆಯಬೇಕು. ದಿನಾಂಕವನ್ನೂ ಅಂದಿನ ಜಲಾಶಯದ ಮಟ್ಟವನ್ನೂ ಬರೆದಿಡಬೇಕು. ಸ್ಥಳಾಂತರಗೊಂಡ ಕುಟುಂಬಗಳನ್ನೂ ಮರೆಯಬಾರದು. ಚರ್ಚಿನ ಮುಂದೆ ತೆಗೆಸಿದ ಮದುವೆಯ ಚಿತ್ರವೊಂದು ಅವರಲ್ಲಿ ಯಾರ ಪೆಟ್ಟಿಗೆಯಲ್ಲಾದರೂ ಉಳಿದಿದ್ದರೆ, ಚಾವಣಿಯಿದ್ದ ಕಟ್ಟಡವನ್ನೂ ಅದರ ಜನರನ್ನೂ ಒಟ್ಟಿಗೆ ತೋರಿಸುವ ಆ ಒಂದು ಚಿತ್ರ ಪ್ರತಿಬಿಂಬದ ಸಾವಿರ ಚಿತ್ರಗಳಿಗಿಂತ ಬೆಲೆಯುಳ್ಳದ್ದು. ಗೋಡೆಗಳು ಇನ್ನೆಷ್ಟು ಮಳೆಗಾಲಗಳನ್ನು ತಾಳಿಯಾವೆಂದು ಹೇಳಬಲ್ಲವರಿಲ್ಲ. ಆದುದರಿಂದ ಈ ಕಾರ್ಯವನ್ನು ಬರುವ ಬೇಸಗೆಯಲ್ಲಿಯೇ ಆರಂಭಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ.