ತಾನು ಚಿತ್ರವೆಂದು ಬಲ್ಲ ಪಾತ್ರ

ಕಾಮಿಕ್ಸ್‌ನ ಪಾತ್ರವೊಂದು ಓದುಗನ ಕಡೆ ತಿರುಗಿ ಮಾತಾಡಿತೆಂದರೆ ಕಥೆಯ ಲೋಕ ಅಲ್ಲಿಗೆ ಒಡೆಯಿತು, ಇದು ಪಶ್ಚಿಮದವರ ಹೊಸ ಚಮತ್ಕಾರ, ನಮ್ಮ ಜಾಯಮಾನಕ್ಕೆ ಒಗ್ಗದ್ದು ಎನ್ನುವವರು ಬಹಳ. ನಾಯಕ ನೋಡುಗರೊಡನೆಯೇ ಹರಟುವ ಡೆಡ್‌ಪೂಲ್ ಸಿನಿಮಾಗಳು ಬಂದ ಮೇಲಂತೂ ಈ ಮಾತಿಗೆ ಬಲ ಬಂದಿದೆ. ನಾನಿದನ್ನು ಒಪ್ಪಲಾರೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಸೀಮೆಯ ಹಳ್ಳಿಗಳಲ್ಲಿ ರಾತ್ರಿಯಿಡೀ ಆಡುವ ‘ಕುರುಕ್ಷೇತ್ರ’ ನಾಟಕ ನೋಡಿದವರು ಯಾರೂ ಒಪ್ಪಬಾರದು.

ಅಲ್ಲಿ ದುರ್ಯೋಧನ ಯಾರೆಂದು ಇಡೀ ಊರಿಗೆ ಗೊತ್ತು. ಮಗ್ಗ ನಡೆಸುವವನೋ, ದ್ರಾಕ್ಷಿ ಬೆಳೆಯುವವನೋ, ಪಾತ್ರಕ್ಕೆಂದು ಕೈಯಿಂದ ಹಣ ಕಟ್ಟಿ ಗದೆ ಹಿಡಿದವನು. ಕಂದ ಹಾಡಿ ಮುಗಿಸುವಷ್ಟರಲ್ಲಿ ‘ಒನ್ಸ್ ಮೋರ್’ ಏಳುತ್ತದೆ, ಹಾರ್ಮೋನಿಯಂ ಮೇಷ್ಟ್ರು ಮತ್ತೆ ಶ್ರುತಿ ಹಿಡಿಯುತ್ತಾರೆ. ಆಟದ ನಡುವೆಯೇ ನೆಂಟರು ರಂಗ ಹತ್ತಿ ಹಾರ ಹಾಕುತ್ತಾರೆ, ಮುಯ್ಯಿ ಮಾಡಿದವರ ಹೆಸರು ಮೈಕಿನಲ್ಲಿ ಕೇಳಿಬರುತ್ತದೆ. ಇಷ್ಟಾದ ಮೇಲೂ ಬೆಳಗಿನ ಜಾವ ಅವನ ತೊಡೆ ಮುರಿದಾಗ ಮುಂದೆ ಕೂತ ಅಜ್ಜಿಯರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಮೂಡಲಪಾಯ ಬಯಲಾಟದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ: ರಂಗಕ್ಕೆ ಬಂದ ರಾಜನನ್ನು ಸಾರಥಿ ‘ನೀನಾರು’ ಎಂದು ಕೇಳುತ್ತಾನೆ, ರಾಜ ತನ್ನ ಪ್ರವರ ತಾನೇ ಹೇಳಿಕೊಳ್ಳಬೇಕು. ಆಟವೆಂದು ಎಲ್ಲರಿಗೂ ಗೊತ್ತಿರುವುದೇ ಅದರ ಬಲ.

ಕಾಮಿಕ್ಸ್‌ನಲ್ಲೂ ಇದೇ ಬಲ ಕೆಲಸ ಮಾಡಿದೆ. 1978ರಲ್ಲಿ ಡಿಸಿ ಕಾಮಿಕ್ಸ್ ಸೂಪರ್‌ಮ್ಯಾನ್‌ನನ್ನು ಮುಹಮ್ಮದ್ ಅಲಿಯ ಎದುರು ಬಾಕ್ಸಿಂಗ್ ಅಂಕಣಕ್ಕಿಳಿಸಿತು. ಮಕ್ಕಳಾಟವೆಂದು ತಳ್ಳಿಹಾಕಿದವರಿದ್ದಾರೆ. ನೀಲ್ ಆಡಮ್ಸ್ ಬರೆದ ಮುಖಪುಟ ನೋಡಿ: ಅಂಕಣದ ಸುತ್ತ ನಿಜವಾದ ಗಣ್ಯರೂ ಬ್ಯಾಟ್‌ಮ್ಯಾನ್‌ನಂಥ ಕಲ್ಪಿತರೂ ಒಂದೇ ಗುಂಪಾಗಿ ಕೂತಿದ್ದಾರೆ, ನಮ್ಮ ನಾಟಕದಲ್ಲಿ ದ್ರೌಪದಿಯ ಪಕ್ಕ ಪಂಚಾಯ್ತಿ ಅಧ್ಯಕ್ಷರು ನಿಂತ ಹಾಗೆ. ಶಕ್ತಿಯೆಲ್ಲ ಕಳೆದುಕೊಂಡ ಸೂಪರ್‌ಮ್ಯಾನ್ ಅಲಿಯ ಕೈಯಲ್ಲಿ ಜಜ್ಜಿಹೋಗುತ್ತಾನೆ, ಆದರೂ ಬೀಳದೆ ನಿಲ್ಲುತ್ತಾನೆ. ಆ ಪುಟದಲ್ಲಿ ನಿಜ ಯಾವುದು, ಕಟ್ಟಿದ್ದು ಯಾವುದು ಎಂದು ವಿಂಗಡಿಸುತ್ತ ಕೂರುವ ಓದುಗನನ್ನು ನಾನು ಊಹಿಸಲಾರೆ.

ಇದಕ್ಕಿಂತ ಗಟ್ಟಿಯಾದ ಉದಾಹರಣೆ ಗ್ರಾಂಟ್ ಮಾರಿಸನ್‌ನ ‘ಆನಿಮಲ್ ಮ್ಯಾನ್’. ನಾಯಕನ ಹೆಂಡತಿ ಮಕ್ಕಳು ಕೊಲೆಯಾಗುತ್ತಾರೆ. 1990ರ 26ನೇ ಸಂಚಿಕೆಯಲ್ಲಿ ಆತ ತನ್ನನ್ನು ಬರೆಯುವ ಲೇಖಕನನ್ನೇ ಎದುರಿಸಿ, ಯಾಕೆ ಕೊಂದೆ ಎಂದು ಕೇಳುತ್ತಾನೆ. ಕಥೆಗೆ ಬಿಸಿ ಬರಲೆಂದು ಎಂಬಂಥ ಉತ್ತರ ಸಿಗುತ್ತದೆ. ತಾನು ಶಾಯಿಯ ಗೆರೆಯೆಂದು ತಿಳಿದವನ ಸಂಕಟ ಅಷ್ಟಕ್ಕೇ ಸುಳ್ಳಾಗಲಿಲ್ಲ. ಅದು ಇನ್ನೂ ಹತ್ತಿರ ಬಂತು, ಯಾಕೆಂದರೆ ಸಾವಿನ ಮನೆಯಲ್ಲಿ ನಾವೂ ಕೇಳುವ ಪ್ರಶ್ನೆ ಅದೇ.

ಹಾಗಾಗಿ ಕನ್ನಡದ ಕಾಮಿಕ್ಸ್ ಬಗ್ಗೆ ನನ್ನ ದೂರು ಉಲ್ಟಾ. 1965ರಲ್ಲಿ ಬೆಂಗಳೂರಿನ ಜಿ.ಕೆ. ಅನಂತರಾಮ್ ಮುಂದೆ ನಿಂತು ತಂದ ಮೊದಲ ಹತ್ತು ಅಮರ ಚಿತ್ರಕಥೆಗಳು ಕನ್ನಡದವು, ಪಶ್ಚಿಮದ ಅದ್ಭುತ ಕಥೆಗಳು. ಕಾರ್ಕಳದ ಅನಂತ ಪೈ ರೂಪಿಸಿದ ‘ಕೃಷ್ಣ’ಕ್ಕೆ 11ನೇ ಸಂಖ್ಯೆ ಬಿದ್ದದ್ದು ಅದಕ್ಕೇ. ಇಂಥ ಆರಂಭವಿದ್ದೂ ಅಮರ ಚಿತ್ರಕಥೆಯ ವೀರರು ಚೌಕಟ್ಟಿನೊಳಗೆ ಬೆನ್ನು ನೆಟ್ಟಗೆ ಮಾಡಿ ನಿಂತೇ ಇದ್ದಾರೆ, ನಮ್ಮತ್ತ ತಿರುಗಿ ಏನನ್ನೂ ಕೇಳುವುದಿಲ್ಲ. ಮಾದರಿ ಬೇಕಿದ್ದವರಿಗೆ ಮೂಡಲಪಾಯ ಹತ್ತಿರದಲ್ಲೇ ಇತ್ತು. ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪುವನ್ನೇ ತೆಗೆದುಕೊಳ್ಳಿ: ಒಬ್ಬರು ಹುಲಿಯಾಗಿ ಬರೆದರು, ಇನ್ನೊಬ್ಬರು ರಾಕ್ಷಸನಾಗಿ. ಅವನನ್ನು ರಂಗಕ್ಕೆ ಕರೆದು ‘ನೀನಾರು’ ಎಂದು ಕೇಳುವ ಸಾರಥಿಯೊಬ್ಬ ಇರುವ ಕನ್ನಡ ಕಾಮಿಕ್ಸ್ ನನಗೆ ಬೇಕು. ಹುಲಿಯ ಪಟ್ಟೆ ಬಳಿದವರ ಹೆಸರನ್ನೂ ಕೋರೆಹಲ್ಲು ಅಂಟಿಸಿದವರ ಹೆಸರನ್ನೂ ಟಿಪ್ಪುವೇ ಒಂದೊಂದಾಗಿ ಹೇಳಲಿ.