ಮೇ 17ರ ಚಳಿ ಮತ್ತು ಮಕ್ಕಳ ಹಬ್ಬದುಡುಪು

ನಾರ್ವೆಯಲ್ಲಿ ಮೇ 17 ಬಂತೆಂದರೆ ಊರಿಗೆ ಊರೇ ಬೀದಿಗಿಳಿಯುತ್ತದೆ. 1814ರಲ್ಲಿ ಐಡ್ಸ್‌ವೋಲ್ ಎಂಬಲ್ಲಿ ದೇಶದ ಸಂವಿಧಾನಕ್ಕೆ ಸಹಿ ಬಿದ್ದ ದಿನ ಅದು. ಅವತ್ತಿನ ಮುಖ್ಯ ಮೆರವಣಿಗೆ ಸೈನಿಕರದಲ್ಲ, ಶಾಲೆಯ ಮಕ್ಕಳದು. ಕವಿ ಬ್ಯೋರ್ನ್‌ಸನ್ ಅವರ ಮುತುವರ್ಜಿಯಿಂದ 1870ರಲ್ಲಿ ರಾಜಧಾನಿಯಲ್ಲಿ ಮಕ್ಕಳ ಮೆರವಣಿಗೆ ಶುರುವಾದಾಗ ಅದರಲ್ಲಿ ಇದ್ದವರು ಹುಡುಗರು ಮಾತ್ರ. 1889ರಲ್ಲಿ ಹುಡುಗಿಯರೂ ಸೇರಿದರು. ಈಗ ಓಸ್ಲೋದಲ್ಲಿ ನೂರಕ್ಕೂ ಹೆಚ್ಚು ಶಾಲೆಗಳ ಮಕ್ಕಳು ಬ್ಯಾಂಡಿನ ಹಿಂದೆ ಬಾವುಟ ಬೀಸುತ್ತ ಕಾರ್ಲ್ ಯೂಹಾನ್ ಬೀದಿ ಹತ್ತಿ ಅರಮನೆಯ ಮುಂದೆ ಹಾದುಹೋಗುತ್ತಾರೆ; ರಾಜಮನೆತನದವರು ಬಾಲ್ಕನಿಯಲ್ಲಿ ನಿಂತು ಕೈಬೀಸುತ್ತಾರೆ. ದೇಶದ ಹಬ್ಬವನ್ನು ಮಕ್ಕಳ ಕೈಗೆ ಕೊಟ್ಟ ಈ ಪದ್ಧತಿಯ ಬಗ್ಗೆ ನನಗೆ ತುಂಬು ಗೌರವವಿದೆ. ಹಾಗಾಗಿಯೇ ಅವತ್ತು ಆ ಮಕ್ಕಳ ಮೈಮೇಲೆ ಏನು ಉಡಿಸುತ್ತಾರೆ ಎಂಬುದನ್ನು ಸ್ವಲ್ಪ ಕಟ್ಟುನಿಟ್ಟಾಗಿಯೇ ನೋಡಬೇಕು ಅನ್ನಿಸುತ್ತದೆ. ಬೆಳಗ್ಗೆ ಉಡಿಸಿದ ಬಟ್ಟೆಯಲ್ಲಿ ಮಗು ಸಂಜೆಯವರೆಗೆ ಹಬ್ಬ ಮಾಡಬಲ್ಲುದೇ? ನಾನು ಹಿಡಿಯುವ ಅಳತೆಗೋಲು ಇದೊಂದೇ.

ಕ್ಯಾಲೆಂಡರಿನಲ್ಲಿ ವಸಂತ ಬಂದಿರುತ್ತದೆ, ಗಾಳಿಗೆ ಅದರ ಸುದ್ದಿ ಇನ್ನೂ ತಲುಪಿರುವುದಿಲ್ಲ. ಮೇ ನಡುವಿನಲ್ಲೂ ಓಸ್ಲೋದ ಬೆಳಗು ಐದಾರು ಡಿಗ್ರಿಯಲ್ಲಿರುವುದು ಮಾಮೂಲು. ಉತ್ತರದ ಟ್ರೋಮ್ಸೋದಲ್ಲಿ ಅವತ್ತು ಹಿಮ ಬಿದ್ದರೂ ಯಾರೂ ಆಶ್ಚರ್ಯಪಡುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಿಸಿಲು ಚುರುಕಾಗಬಹುದು, ಮತ್ತೆ ಮೋಡ ಕವಿದು ಮಳೆ ಹನಿಯಬಹುದು. ಇದರಲ್ಲಿ ಪೋಷಕರು ಮರೆಯುವ ಸಂಗತಿ ಒಂದಿದೆ. ಮೆರವಣಿಗೆಯಲ್ಲಿ ನಡೆಯುವಾಗ ಮಗುವಿಗೆ ಚಳಿಯಾಗುವುದಿಲ್ಲ; ಚಳಿಯಾಗುವುದು ನಿಂತಾಗ. ಬೆಳಗಿನ ಧ್ವಜಾರೋಹಣದ ಹೊತ್ತಿಗೆ ನಿಲ್ಲಬೇಕು, ತಮ್ಮ ಶಾಲೆಯ ಸರದಿ ಬರುವ ತನಕ ಅಡ್ಡರಸ್ತೆಯ ನೆರಳಿನಲ್ಲಿ ನಿಲ್ಲಬೇಕು, ಮುಂದಿನ ಬ್ಯಾಂಡ್ ನಿಂತರೆ ತಾವೂ ನಿಲ್ಲಬೇಕು. ಮೈತೂಕಕ್ಕೆ ಹೋಲಿಸಿದರೆ ಮಕ್ಕಳ ಚರ್ಮದ ವಿಸ್ತಾರ ದೊಡ್ಡವರಿಗಿಂತ ಹೆಚ್ಚು. ಆದ್ದರಿಂದ ಅವರ ಮೈ ಬೇಗ ತಣ್ಣಗಾಗುತ್ತದೆ. ಪಕ್ಕದಲ್ಲಿ ನಿಂತ ಅಪ್ಪನಿಗೆ ಹಿತವೆನಿಸುವ ಗಾಳಿಗೆ ಮಗುವಿನ ತುಟಿ ನೀಲಿಗಟ್ಟಿರುತ್ತದೆ.

ಈಗ ಉಡುಪಿನ ಮಾತು. ಆ ದಿನದ ರಾಣಿ ಬುನಾಡ್, ಅಂದರೆ ಆಯಾ ಸೀಮೆಯ ಸಾಂಪ್ರದಾಯಿಕ ಉಡುಪು. ಹಳ್ಳಿಗಾಡಿನ ಹಳೆಯ ಉಡುಗೆಗಳಿಗೆ ಮತ್ತೆ ಮಾನ ಸಿಗಬೇಕೆಂದು ಹುಲ್ಡಾ ಗಾರ್ಬೋರ್ಗ್ 1903ರಲ್ಲಿ ಕಿರುಹೊತ್ತಿಗೆ ಬರೆದರು. ಆ ಪ್ರಯತ್ನ ಈಗ ನಾನೂರಕ್ಕೂ ಮಿಕ್ಕಿದ ಬಗೆಗಳಾಗಿ ಹರಡಿದೆ. 2024ರಲ್ಲಿ ಬುನಾಡ್ ಯುನೆಸ್ಕೋದ ಪರಂಪರೆಯ ಪಟ್ಟಿಗೂ ಸೇರಿತು. ಇದರ ಮೂಲ ಗುಣ ನನ್ನ ಮಟ್ಟಿಗೆ ಕಸೂತಿಯಲ್ಲಿಲ್ಲ, ಬಟ್ಟೆಯಲ್ಲಿದೆ. ಹುಡುಗಿಯರ ದಪ್ಪ ಉಣ್ಣೆಯ ಲಂಗ, ಮೈಗೆ ಅಂಟುವ ಉಣ್ಣೆಯ ಕುಪ್ಪಸ, ಒಳಗೆ ಉದ್ದ ತೋಳಿನ ಅಂಗಿ. ಹುಡುಗರಿಗೆ ಮೊಣಕಾಲಿನವರೆಗಿನ ಉಣ್ಣೆಯ ಚಡ್ಡಿ, ಅದರ ಕೆಳಗೆ ಉಣ್ಣೆಯ ಉದ್ದ ಕಾಲುಚೀಲ, ಮೇಲೊಂದು ವೇಸ್ಟ್‌ಕೋಟು. ಚಳಿಯಲ್ಲಿ ಹುಟ್ಟಿ ಚಳಿಯಲ್ಲಿ ದುಡಿದವರ ಬಟ್ಟೆ ಇದು. ಮಗುವಿನ ಅಳತೆಗೆ ತಗ್ಗಿಸಿದರೂ ಈ ಗುಣ ಉಳಿಯುತ್ತದೆ.

ಮಕ್ಕಳ ಬುನಾಡನ್ನು ಒಳಮಗ್ಗುಲು ತಿರುಗಿಸಿ ನೋಡಿದರೆ ಇನ್ನೊಂದು ಜಾಣ್ಮೆ ಕಾಣುತ್ತದೆ. ಲಂಗದ ಕೆಳಗೆ ಅಡ್ಡ ಮಡಿಕೆಗಳನ್ನು ಹಿಡಿದು ಹೊಲಿದಿರುತ್ತಾರೆ. ಪಕ್ಕದ ಹೊಲಿಗೆಯ ಒಳಗೆ ಎರಡು ಬೆರಳಗಲ ಬಟ್ಟೆ ಬಿಟ್ಟಿರುತ್ತಾರೆ. ಮಗು ಬೆಳೆದಂತೆ ವರ್ಷಕ್ಕೊಂದು ಮಡಿಕೆ ಬಿಚ್ಚುತ್ತ ಹೋದರೆ ಒಂದೇ ಉಡುಪು ಹಲವು ಹಬ್ಬ ಕಾಣುತ್ತದೆ, ಆಮೇಲೆ ತಂಗಿಗೆ ಹೋಗುತ್ತದೆ. ನಮ್ಮ ಅಜ್ಜಿಯರು ರೇಷ್ಮೆ ಲಂಗಕ್ಕೆ ಇದೇ ರೀತಿ ಮಡಿಕೆ ಹಾಕಿಸುತ್ತಿದ್ದರು, "ಬೆಳೆಯೋ ಮಗು, ಒಳಗೆ ಬಟ್ಟೆ ಬಿಟ್ಟು ಹೊಲಿಯಪ್ಪ" ಎಂದು ದರ್ಜಿಗೆ ಹೇಳುತ್ತಿದ್ದರು. ಬಿಚ್ಚಿದ ಮಡಿಕೆಯ ಜಾಗದಲ್ಲಿ ಬಣ್ಣ ಮಾಸದ ಪಟ್ಟಿಯೊಂದು ಉಳಿದು, ಹೋದ ವರ್ಷದ ಎತ್ತರ ತೋರಿಸುವುದು ಅಲ್ಲೂ ಒಂದೇ, ಇಲ್ಲೂ ಒಂದೇ.

ಆದರೂ ಈ ಪದ್ಧತಿಗೆ ಪೂರ್ಣ ಅಂಕ ಕೊಡಲಾರೆ. ಮೊದಲನೆಯ ತಕರಾರು ಕಾಲಿನದು. ಬಕಲ್ ಇರುವ ಕಪ್ಪು ಬೂಟಿನ ಅಟ್ಟೆ ತೆಳು, ಒಳಗೆ ಬೆರಳು ಆಡಿಸಲು ಜಾಗವಿಲ್ಲ. ಒದ್ದೆ ಡಾಂಬರಿನ ಮೇಲೆ ಗಂಟೆಗಟ್ಟಲೆ ನಿಂತ ಮಗುವಿನ ಪಾದದಿಂದ ಥಂಡಿ ಮೇಲೇರುತ್ತದೆ. ಮೈತುಂಬ ಉಣ್ಣೆ ಸುತ್ತಿ ಪಾದವನ್ನು ಮರೆತರೆ ಮೇಲಿನದೆಲ್ಲ ದಂಡ. ಎರಡನೆಯದು ಮೇಲಂಗಿಯದು. ಬುನಾಡಿನ ಮೇಲೆ ಜಾಕೆಟ್ ಹಾಕಬಾರದು, ಕಪ್ಪುಕನ್ನಡಕ ಹಾಕಬಾರದು, ಇದಕ್ಕೆ ಅದು ಹೊಂದುವುದಿಲ್ಲ ಎಂದು ಕಣ್ಣಲ್ಲೇ ತೂಗುವ ಹಿರಿಯರು ಅಲ್ಲಿ ಬಹಳ. ಅವರನ್ನು ಜನ ಬುನಾಡ್ ಪೊಲೀಸರೆಂದೇ ಕರೆಯುತ್ತಾರೆ. ದೊಡ್ಡವರಿಗೆ ಆ ನಿಷ್ಠುರ ಇರಲಿ. ಐದು ವರ್ಷದ ಮಗು ಮಳೆಯಲ್ಲಿ ನಡುಗುತ್ತಿರುವಾಗ ರೈನ್‌ಕೋಟು ತಾಯಿಯ ಚೀಲದಲ್ಲೇ ಮಡಚಿಕೊಂಡಿದ್ದರೆ ಅದು ತಪ್ಪು. ಹಳ್ಳಿಯ ಆ ಹಳೆಯ ಜನ ಮಳೆ ಬಂದರೆ ಕಂಬಳಿ ಹೊದೆಯದೆ ಇದ್ದರೇ?

ಮೂರನೆಯದು ಬೆಲೆ. ದೊಡ್ಡವರ ಬುನಾಡಿಗೆ, ಬೆಳ್ಳಿ ಒಡವೆ ಸೇರಿ, ಹತ್ತಾರು ಸಾವಿರ ಕ್ರೋನರ್ ಬೀಳುತ್ತದೆ. ಮಕ್ಕಳದಕ್ಕೆ ಕಡಿಮೆಯೆಂದರೂ ಕೈ ಕಚ್ಚುತ್ತದೆ. ಅವತ್ತು ಮಕ್ಕಳು ಬೇಕಾದಷ್ಟು ಐಸ್‌ಕ್ರೀಂ ತಿನ್ನಬಹುದು, ಸಾಸೇಜು ತಿನ್ನಬಹುದು, ಮಧ್ಯಾಹ್ನ ಶಾಲೆಯ ಅಂಗಳದಲ್ಲಿ ಗೋಣಿಚೀಲದ ಓಟ ಓಡಬಹುದು. ಏಪ್ರನ್ನಿನ ಮೇಲೆ ಕೆಚಪ್ ಬಿತ್ತೋ ಎಂದು ತಾಯಿ ಬೆನ್ನ ಹಿಂದೆಯೇ ನಿಂತರೆ ಆ ಓಟದಲ್ಲಿ ಏನು ಸುಖ? ದುಬಾರಿ ಬಟ್ಟೆ ಕೊಳ್ಳಲಾಗದವರು ಅಂಗಡಿಯ ಸಿದ್ಧ ಉಡುಪು ತರುತ್ತಾರೆ. ದೂರದಿಂದ ಬುನಾಡಿನಂತೆಯೇ ಕಾಣುವ ಇವುಗಳಲ್ಲಿ ಬಹಳಷ್ಟು ಪಾಲಿಯೆಸ್ಟರು. ನಡೆದಾಗ ಬೆವರು ಒಳಗೇ ನಿಲ್ಲುತ್ತದೆ, ನಿಂತಾಗ ಆ ಬೆವರೇ ಕೊರೆಯುತ್ತದೆ. ಇದರ ಬದಲು ಸಾದಾ ಉಣ್ಣೆಯ ಸ್ವೆಟರು, ಎದೆಗೆ ಕೆಂಪು, ಬಿಳಿ, ನೀಲಿ ರಿಬ್ಬನ್ನು ಸಾಕು. ಹಬ್ಬಕ್ಕೆ ಏನೂ ಕಮ್ಮಿಯಾಗುವುದಿಲ್ಲ.

ಬೇಸರವಾಗುವುದು ಏಕೆಂದರೆ, ಮಕ್ಕಳಿಗೆ ಚಳಿಯಲ್ಲಿ ಹೇಗೆ ಉಡಿಸಬೇಕೆಂದು ಈ ಜನರಷ್ಟು ಬಲ್ಲವರು ಕಡಿಮೆ. ಅಲ್ಲಿನ ಶಿಶುವಿಹಾರಕ್ಕೆ ಹೋಗಿ ನೋಡಿ. ಮಳೆಯಿರಲಿ ಹಿಮವಿರಲಿ ಮಕ್ಕಳು ದಿನವೂ ಹೊರಗೆ ಆಡುತ್ತಾರೆ. ಮೈಗೆ ತಾಗುವಂತೆ ತೆಳು ಉಣ್ಣೆ, ಅದರ ಮೇಲೆ ದಪ್ಪ ಉಣ್ಣೆ, ಎಲ್ಲಕ್ಕೂ ಹೊರಗೆ ಗಾಳಿ ನೀರು ತಡೆಯುವ ಪದರ. ಪ್ರತಿ ಮಗುವಿಗೂ ಗೂಟದಲ್ಲಿ ಒಂದು ಜೊತೆ ಬದಲಿ ಬಟ್ಟೆ. ಒದ್ದೆಯಾದ ಕೈಗವಸು ಒಣಗಿಸಲು ಬಿಸಿಗಾಳಿಯ ಬೀರು. ಹತ್ತಿ ಒದ್ದೆಯಾದರೆ ಮೈಗೆ ಅಂಟಿ ತಣ್ಣಗಾಗುತ್ತದೆ. ಉಣ್ಣೆ ತನ್ನ ತೂಕದ ಶೇ. 30ರವರೆಗೆ ತೇವ ಹೀರಿಯೂ ಬೆಚ್ಚಗಿರುತ್ತದೆ. ಇದು ಅಲ್ಲಿನ ಮೂರು ವರ್ಷದ ಮಗುವಿನ ತಾಯಿಗೂ ಗೊತ್ತು. ವಾರದ ದಿನ ಪಾಲಿಸುವ ಇಷ್ಟು ಒಳ್ಳೆಯ ವಿದ್ಯೆಯನ್ನು ಹಬ್ಬದ ದಿನ ಯಾಕೆ ಬಿಡಬೇಕು? ಬುನಾಡಿನ ಅಂಗಿಯ ಕೆಳಗೆ ತೆಳು ಉಣ್ಣೆಯ ಒಳಂಗಿ ಇದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಬೂಟಿನಲ್ಲಿ ಒಂದಿಷ್ಟು ಜಾಗ ಬಿಟ್ಟು ಒಳಗೊಂದು ಉಣ್ಣೆಯ ಅಟ್ಟೆ ಹಾಕಿದರೂ ಅಷ್ಟೇ. ಹೀಗೆ ಮಾಡುವ ಮನೆಗಳೂ ಬೇಕಾದಷ್ಟಿವೆ, ಅವರ ಮಕ್ಕಳನ್ನು ದೂರದಿಂದಲೇ ಗುರುತಿಸಬಹುದು: ಅವರು ಸಾಲಿನಲ್ಲಿ ನಿಂತೂ ಹಾಡುತ್ತಿರುತ್ತಾರೆ.

ನೆರೆಯ ಸ್ವೀಡನ್ನಿನಲ್ಲಿ ಈಸ್ಟರ್ ಭಾನುವಾರಕ್ಕೆ ಮೊದಲ ಗುರುವಾರ ಮಕ್ಕಳು ಮಾಟಗಾತಿಯ ವೇಷ ಹಾಕಿ ಮನೆಮನೆಗೆ ಹೋಗುತ್ತಾರೆ. ತಲೆಗೆ ಚೌಕ, ಭುಜಕ್ಕೆ ಶಾಲು, ಅಜ್ಜಿಯ ಹಳೆಯ ಲಂಗ, ಅದರ ಮೇಲೊಂದು ಏಪ್ರನ್, ಕೆನ್ನೆಗೆ ಕೆಂಪು, ಕೈಯಲ್ಲಿ ಮಿಠಾಯಿ ತುಂಬಿಸಿಕೊಳ್ಳಲು ಹಳೆಯ ಕಾಫಿ ಪಾತ್ರೆ. ಈ ವೇಷಕ್ಕೆ ನನ್ನ ಪೂರ್ಣ ಮೆಚ್ಚುಗೆ. ಹಿಮದ ಓವರಾಲ್‌ ಮೇಲೆಯೇ ಲಂಗ ಏರಿಸಬಹುದು, ಶಾಲು ಚಳಿಗೂ ಆಯಿತು, ವೇಷಕ್ಕೂ ಆಯಿತು, ಕೊಳೆಯಾದರೆ ಒಗೆದರಾಯಿತು. ಬೀರುವಿನಲ್ಲಿದ್ದುದರಲ್ಲೇ ಆಗುವುದರಿಂದ ಬಡವರ ಮಗು, ಸಿರಿವಂತರ ಮಗು ಎಂಬ ಭೇದವೂ ಎದ್ದು ಕಾಣುವುದಿಲ್ಲ.

ಈ ಚಳಿದೇಶಗಳಲ್ಲಿ ನೆಲೆಸಿದ ನಮ್ಮವರಿಗೂ ಇದೇ ಪ್ರಶ್ನೆ. ಯುಗಾದಿ ಬರುವುದು ಮಾರ್ಚಿನಲ್ಲೋ ಏಪ್ರಿಲ್ ಮೊದಲರ್ಧದಲ್ಲೋ, ಮೇ 17ಕ್ಕಿಂತ ಕಡುಚಳಿಯಲ್ಲಿ. ಊರಿಂದ ಹೊಲಿಸಿ ತರಿಸಿದ ಜರಿ ಲಂಗ, ಗಿಡ್ಡ ತೋಳಿನ ಬ್ಲೌಸು, ಹುಡುಗನಿಗೆ ವೆಲ್ಕ್ರೋ ಪಂಚೆ. ಪಾರ್ಕಿಂಗಿನಿಂದ ಸಭಾಂಗಣಕ್ಕೆ ಹಿಮ ತುಳಿದು ಓಡಿದರೆ ಮುಗಿಯಿತು ಎನ್ನುತ್ತೇವೆ. ಫೋಟೋ ಕೆಡುತ್ತದೆಂದು ಸ್ವೆಟರ್ ತೆಗೆಸುತ್ತೇವೆ. ಇದಕ್ಕೆ ನಮ್ಮ ಉಡುಪು ಕಾರಣವಲ್ಲ. ರೇಷ್ಮೆ ಬೆಚ್ಚಗಿನ ಬಟ್ಟೆಯೇ. ಪಾದ ಮುಟ್ಟುವ ಲಂಗದೊಳಗೆ ಉಣ್ಣೆಯ ಕಾಲುಡುಗೆ ಹಾಕಿದರೂ ಗೊತ್ತಾಗದು, ಪಂಚೆಯೊಳಗೂ ಅಷ್ಟೇ. ಸೋಲುವುದು ತೋಳಿನಲ್ಲಿ, ಹೊಟ್ಟೆಯ ಸಂದಿನಲ್ಲಿ, ಬರಿಗಾಲಿನಲ್ಲಿ. ಕಾರಿನಲ್ಲೂ ಎಚ್ಚರ ಬೇಕು: ಉಬ್ಬಿದ ಜಾಕೆಟ್ ಹಾಕಿಸಿ ಸೀಟಿನ ಪಟ್ಟಿ ಬಿಗಿದರೆ ಅಪಘಾತದಲ್ಲಿ ಆ ಪಟ್ಟಿ ಸಡಿಲವಾಗುತ್ತದೆ. ಮೊದಲು ಪಟ್ಟಿ ಬಿಗಿದು, ಆಮೇಲೆ ಮೇಲಿನಿಂದ ಕಂಬಳಿ ಹೊದಿಸುವುದೇ ಸರಿ.

ಆದ್ದರಿಂದ ಹೊರದೇಶದ ಕನ್ನಡದ ತಾಯ್ತಂದೆಯರಲ್ಲಿ ಒಂದು ವಿನಂತಿ. ಮುಂದಿನ ಯುಗಾದಿಗೆ ಊರಿನ ಟೇಲರಿಗೆ ಅಳತೆ ಕಳಿಸುವಾಗ ಮಗುವಿಗೆ ಉಣ್ಣೆಯ ಒಳಂಗಿ ತೊಡಿಸಿ, ಅದರ ಮೇಲೆಯೇ ಟೇಪು ಹಿಡಿಯಿರಿ. ಬ್ಲೌಸಿಗೆ ಮಣಿಕಟ್ಟಿನವರೆಗೆ ತೋಳು ಇಡಿಸಿ, ಉದ್ದ ಸೊಂಟದ ಕೆಳಗೆ ಇಳಿಯಲಿ, ಲಂಗಕ್ಕೆ ಎರಡು ಮಡಿಕೆ ಹಾಕಿಸಿ.